ಗಜ್ಜರಿ ಕೇಕಿಗೆ ಚಕ್ಕಾದ ಸುಳಿ

ಘಟ್ಟದ ಕೆಳಗೆ ನಾವು ಕ್ಯಾರೆಟ್ ಅನ್ನುವುದನ್ನು ಬೈಲಹೊಂಗಲದ ಮಾರುಕಟ್ಟೆಯಲ್ಲಿ ಗಜ್ಜರಿ ಅಂತ ಕೇಳಬೇಕು. ‘ಕ್ಯಾರೆಟ್ ಉಂಟಾ?’ ಅಂದರೆ ತರಕಾರಿ ಹರಡಿ ಕೂತ ಅಮ್ಮ ಒಮ್ಮೆ ಮುಖ ನೋಡುತ್ತಾರೆ. ಆಮೇಲೆ ನಕ್ಕು, ‘ಗಜ್ಜರಿ ಬೇಕೇನ್ರಿ ಅಕ್ಕಾರ? ಜವಾರಿ ಐತ್ರಿ, ಹಸೀದ ತಿಂದ್ ನೋಡ್ರಿ’ ಅಂತ ಮಣ್ಣು ಒರೆಸಿ ಒಂದನ್ನು ಕೈಗೇ ಕೊಡುತ್ತಾರೆ. ಕೊಲ್ಲಿಯಲ್ಲಿ ಇದ್ದು ಬಂದವರಿಗೆ ಈ ಹೆಸರು ಅಷ್ಟು ಹೊಸತೂ ಅಲ್ಲ. ಅರಬಿಯಲ್ಲಿ ಜಝರ್, ಫಾರ್ಸಿಯಲ್ಲಿ ಗಝರ್, ಉರ್ದು-ಹಿಂದಿಯಲ್ಲಿ ಗಾಜರ್, ಇಲ್ಲಿ ಗಜ್ಜರಿ. ಎಲ್ಲ ಒಂದೇ ಬಳಗದ ಮಾತುಗಳು. ಗಡ್ಡೆಯೂ ಆ ಕಡೆಯದೇ. ಬಳಕೆಯ ಗಜ್ಜರಿಯನ್ನು ಮೊದಲು ಬೆಳೆಸಿದ್ದು ಇರಾನ್-ಅಫ್ಘಾನಿಸ್ತಾನದ ಸುತ್ತ, ಆಗ ಅದರ ಬಣ್ಣ ನೇರಳೆ ಮತ್ತು ಹಳದಿ. ನಾವು ನೋಡುವ ಕಿತ್ತಳೆ ಬಣ್ಣ ಹೆಸರಾದದ್ದು ಆಮೇಲೆ, ಯುರೋಪಿನಲ್ಲಿ.

ವ್ಯಾಪಾರಕ್ಕೆಂದೋ ನೌಕರಿಗೆಂದೋ ಘಟ್ಟ ಹತ್ತಿ ಈ ಕಡೆ ಬಂದು ಉಳಿದ ನಮ್ಮಂಥ ಮನೆಗಳಿಗೆ ಊರಿನ ತಿಂಡಿಯ ನೆನಪು ಜಾಸ್ತಿ ಬರುವುದು ನೋಂಬಿನ ತಿಂಗಳಲ್ಲಿ. ಪತ್ತಿರ್, ಪಿಂಡಿ, ಪೋಲೆ, ಕಲ್ತಪ್ಪ ಇದೆಲ್ಲ ಬೈಲಹೊಂಗಲದಲ್ಲಾಗಲಿ ರಾಮದುರ್ಗದಲ್ಲಾಗಲಿ ಅಂಗಡಿಯಲ್ಲಿ ಸಿಗುವುದಲ್ಲ, ಮನೆಯಲ್ಲೇ ಆಗಬೇಕು. ಅದರ ಮೇಲೆ ಈಗ ಮಕ್ಕಳದ್ದು ಇನ್ನೊಂದು ಬೇಡಿಕೆ. ಮೊಬೈಲಿನಲ್ಲಿ ನೋಡಿದ ಕ್ಯಾರೆಟ್ ಕೇಕ್ ಬಾರ್, ಮೇಲೆ ಬಿಳಿ ಕ್ರೀಮ್ ಚೀಸಿನ ಸುಳಿ ಇರುವಂಥದ್ದು. ಬೆಳಗಾವಿಗೆ ಹೋಗಿ ತಂದರೆ ದುಡ್ಡು, ತರಿಸಿದರೆ ದಾರಿಯಲ್ಲಿ ಕರಗಿದ್ದು. ಅದನ್ನು ಇಲ್ಲೇ, ಇಲ್ಲಿಯ ಸಾಮಾನಿನಲ್ಲೇ ಮಾಡುವುದು ಹೇಗೆ ಎಂಬುದು ಈ ವಾರದ ವಿಷಯ. ಊರಿನಲ್ಲಿ ಓದುವವರಿಗೂ ಇದರಿಂದ ಉಪಯೋಗ ಉಂಟು, ಯಾಕೆಂದರೆ ಕ್ರೀಮ್ ಚೀಸಿನ ರೇಟು ಮಂಗಳೂರಿನಲ್ಲೂ ಕಡಿಮೆಯೇನಿಲ್ಲ.

ಮೊದಲು ಕಾಲದ ಮಾತು. ಜವಾರಿ ಗಜ್ಜರಿ ಚಳಿಗಾಲದ್ದು. ಸಂಕ್ರಾಂತಿಯ ಹಿಂದಿನ ಭೋಗಿ ದಿನ ಇಲ್ಲಿಯ ನೆರೆಮನೆಗಳಲ್ಲಿ ಸಜ್ಜಿ ರೊಟ್ಟಿ, ಬದನೆಕಾಯಿ ಜೊತೆ ಹಸಿ ಗಜ್ಜರಿಯೂ ತಟ್ಟೆಗೆ ಬರುತ್ತದೆ, ನಮ್ಮ ಮನೆಗೂ ಒಂದು ಪಾಲು ಬರುತ್ತದೆ. ಬಿಸಿಲು ಏರಿದ ಹಾಗೆ ಗಜ್ಜರಿ ಒರಟಾಗುತ್ತದೆ. ರಂಝಾನ್ ಚಾಂದ್ರಮಾನದ ತಿಂಗಳಾದ್ದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಹತ್ತು ವರ್ಷದ ಹಿಂದೆ, 2016ರಲ್ಲಿ, ನೋಂಬು ಶುರುವಾದದ್ದು ಜೂನ್ ಮೊದಲ ವಾರದಲ್ಲಿ. ಆಗ ಒಳ್ಳೆಯ ಗಜ್ಜರಿಯ ಮಾತೇ ಇರಲಿಲ್ಲ. 2026ರಲ್ಲಿ ಅದು ಫೆಬ್ರವರಿ ಮೂರನೇ ವಾರಕ್ಕೆ ಬಂತು. 2027ರಲ್ಲಿ ಫೆಬ್ರವರಿ ಎರಡನೇ ವಾರದ ಹೊತ್ತಿಗೆ, 2028ರಲ್ಲಿ ಜನವರಿ ಕೊನೆಗೆ. ಅಂದರೆ ಇನ್ನು ಕೆಲವು ವರ್ಷ ನೋಂಬೂ ಗಜ್ಜರಿಯೂ ಒಟ್ಟಿಗೇ ಬರುತ್ತವೆ.

ಕ್ಯಾರೆಟ್ ಪೋಲೆ ಮಾಡುವ ಕೈಗೆ ಈ ಕೇಕ್ ಕಷ್ಟವಲ್ಲ. ಪೋಲೆಗೆ ಕ್ಯಾರೆಟ್ ಬೇಯಿಸಿ ನುಣ್ಣಗೆ ಮಾಡಿ, ಮೊಟ್ಟೆ, ಸಕ್ಕರೆ, ಏಲಕ್ಕಿ, ಹಾಲಿನ ಪುಡಿ ಕಲಸಿ, ತುಪ್ಪ ಸವರಿದ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಮುಚ್ಚಿಡುತ್ತೇವೆ. ಅಲ್ಲಿ ಗಟ್ಟಿಯಾಗಿ ನಿಲ್ಲಿಸುವುದು ಮೊಟ್ಟೆ, ಇಲ್ಲಿ ಮೈದಾ. ಇಲ್ಲಿ ಕ್ಯಾರೆಟ್ ಬೇಯಿಸದೆ ತುರಿದು ಹಾಕುತ್ತೇವೆ. ಅವಸರ ಮಾಡಬಾರದು ಎಂಬ ಪಾಠ ಮಾತ್ರ ಎರಡಕ್ಕೂ ಒಂದೇ.

ಕ್ಯಾರೆಟ್ ಕೇಕಿನ ಕಥೆಯೂ ಬಡತನದ ಕಥೆಯೇ. ಸಕ್ಕರೆ ತುಟ್ಟಿಯಿದ್ದ ಕಾಲದಲ್ಲಿ ಯುರೋಪಿನವರು ಸಿಹಿಗಾಗಿ ಕ್ಯಾರೆಟ್ ಹಾಕಿ ಪುಡಿಂಗ್ ಮಾಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ, 1940ರ ಜನವರಿಯಿಂದ, ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಷನ್ ಬಂತು. ಕ್ಯಾರೆಟ್ ಬಳಸಿ ಅಂತ ಅಲ್ಲಿಯ ಸರ್ಕಾರವೇ ಪ್ರಚಾರ ಮಾಡಿತು. ಕ್ರೀಮ್ ಚೀಸ್ ಇದಕ್ಕೆ ಜೊತೆಯಾದದ್ದು ಅಮೆರಿಕದಲ್ಲಿ, ಆಮೇಲೆ. ಹಾಗಾಗಿ ಇದು ದೊಡ್ಡವರ ಮನೆಯ ತಿಂಡಿ, ನಮಗಲ್ಲ ಅಂತ ಹಿಂಜರಿಯಬೇಕಾಗಿಲ್ಲ. ಇದ್ದದ್ದರಲ್ಲಿ ಮಾಡಿಕೊಂಡವರ ತಿಂಡಿ ಇದು.

ಈಗ ಮುಖ್ಯ ವಿಷಯಕ್ಕೆ ಬರುವ, ಕ್ರೀಮ್ ಚೀಸ್. ದುಬೈ, ದಮಾಮ್‌ನಿಂದ ಬರುವವರ ಪೆಟ್ಟಿಗೆಯಲ್ಲಿ ಪಕ್ ಬಾಟಲಿಯೋ ಕಿರಿ ಚೌಕಗಳೋ ಇದ್ದರೆ ಸರಿ. ಇಲ್ಲದಿದ್ದರೆ ಸವದತ್ತಿ, ರಾಮದುರ್ಗದ ಅಂಗಡಿಗಳಲ್ಲಿ ಹುಡುಕಿ ಕಾಲು ನೋಯಿಸಿಕೊಳ್ಳುವುದು ಬೇಡ. ಈ ಸೀಮೆಯಲ್ಲಿ ಅದಕ್ಕೊಬ್ಬ ಅಣ್ಣ ಇದ್ದಾನೆ, ಹೆಸರು ಚಕ್ಕಾ. ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ ಮಾಡುವ ಗಟ್ಟಿ ಮೊಸರು. ಮರಾಠಿ ಸೀಮೆ ಪಕ್ಕದಲ್ಲೇ ಇರುವುದರಿಂದ ಬೆಳಗಾವಿ ಜಿಲ್ಲೆಯಲ್ಲಿ ಇದು ಮನೆಮಾತು. ಡೇರಿ ಅಂಗಡಿಯಲ್ಲಿ ಕೇಳಿದರೆ ತೂಕ ಮಾಡಿ ಕೊಡುವುದೂ ಉಂಟು.

ಚಕ್ಕಾ ಮತ್ತು ಕ್ರೀಮ್ ಚೀಸ್ ಒಂದೇ ಅಲ್ಲ, ವ್ಯತ್ಯಾಸ ತಿಳಿದುಕೊಂಡರೆ ಕೆಲಸ ಸುಲಭ. ಅಮೆರಿಕದ ಅಳತೆಯ ಪ್ರಕಾರ ಕ್ರೀಮ್ ಚೀಸಿನಲ್ಲಿ ಕೊಬ್ಬು ಕಡಿಮೆಯೆಂದರೂ 33 ಶೇಕಡಾ ಇರಬೇಕು, ನೀರು 55 ಶೇಕಡಾ ಮೀರಬಾರದು. ಚಕ್ಕಾದಲ್ಲಿ ನೀರು ಜಾಸ್ತಿ, ಕೊಬ್ಬು ಕಡಿಮೆ, ಹುಳಿ ಮುಂದೆ. ಮೂರಕ್ಕೂ ಮನೆಯಲ್ಲೇ ಮದ್ದು ಉಂಟು. ಎಮ್ಮೆ ಹಾಲಿನ ಮೊಸರು ತೆಗೆದುಕೊಳ್ಳಿ. ದನದ ಹಾಲಿನಲ್ಲಿ ಕೊಬ್ಬು 4 ಶೇಕಡಾ ಆಸುಪಾಸು, ಎಮ್ಮೆಯದ್ದರಲ್ಲಿ 6-7. ಇಲ್ಲಿ ಎಮ್ಮೆ ಹಾಲಿಗೆ ಬರ ಇಲ್ಲ. ಮೊಸರು ಹೆಪ್ಪಾದ ಕೂಡಲೇ, ಹುಳಿ ಏರುವ ಮೊದಲೇ, ತೆಳು ಬಿಳಿ ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನೊಳಗೆ ಜರಡಿಯ ಮೇಲೆ ಇಡಿ, ಕೆಳಗೆ ಪಾತ್ರೆ. ಹೊರಗೆ ಮೊಳೆಗೆ ತೂಗು ಹಾಕಿದರೆ ಬೆಳಗಾಗುವಾಗ ಹುಳಿಯಾಗಿರುತ್ತದೆ. ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಗಂಟಿನ ಮೇಲೆ ತಟ್ಟೆ, ತಟ್ಟೆಯ ಮೇಲೆ ಏನಾದರೂ ಭಾರ ಹೇರಿ ಇನ್ನೂ ಎರಡು ಗಂಟೆ ಬಿಡಿ. ಒಂದು ಲೀಟರ್ ಮೊಸರಿಗೆ ಸುಮಾರು 350ರಿಂದ 400 ಗ್ರಾಂ ಚಕ್ಕಾ ಬರುತ್ತದೆ. ಚಮಚ ಮೇಲೆತ್ತಿ ಮಗುಚಿದರೆ ಬೀಳಬಾರದು, ಅಷ್ಟು ಗಟ್ಟಿ ಬೇಕು. ಕೊಬ್ಬಿಗೆ ಎರಡು ಚಮಚ ಹಾಲಿನ ಕೆನೆ ಸೇರಿಸಿ ಜರಡಿಯಲ್ಲಿ ಉಜ್ಜಿ ನುಣ್ಣಗೆ ಮಾಡಿ.

ಇಷ್ಟೊಂದು ಒತ್ತಿ ಹೇಳಲು ಕಾರಣ, ಈ ಕೇಕ್ ಕೆಡುವುದು ಒಂದೇ ಒಂದರಿಂದ, ನೀರಿನಿಂದ. ಚಕ್ಕಾ ತೆಳುವಾದರೆ ಸುಳಿ ಮೇಲೆ ನಿಲ್ಲದೆ ಹಿಟ್ಟಿನೊಳಗೆ ಮುಳುಗಿ, ತಳದಲ್ಲಿ ಹಸಿಹಸಿ ಪದರ ಆಗುತ್ತದೆ. ಗಜ್ಜರಿಯಲ್ಲೂ ನೀರು ಹೆಚ್ಚು. ತುರಿದ ಮೇಲೆ ಮುಷ್ಟಿಯಲ್ಲಿ ಹಗುರಕ್ಕೆ ಒಮ್ಮೆ ಹಿಂಡಿದರೆ ಸಾಕು, ಬಟ್ಟೆಯಲ್ಲಿ ಹಾಕಿ ಬಿಗಿಯಾಗಿ ಹಿಂಡಬೇಡಿ, ಕೇಕ್ ಒಣಗುತ್ತದೆ. ಬಲಿತ ಗಜ್ಜರಿಯ ನಡುವೆ ದಂಟಿನ ಹಾಗೆ ಗಟ್ಟಿ ಭಾಗ ಇರುತ್ತದೆ, ಅದನ್ನು ಬಿಟ್ಟು ಸುತ್ತಲಿನದ್ದನ್ನು ಮಾತ್ರ ತುರಿಯಿರಿ. ಊಟಿ ಕ್ಯಾರೆಟ್ ಆದರೆ ಈ ತೊಂದರೆ ಇಲ್ಲ.

ಇನ್ನು ಅಳತೆ. ಇದು 8 ಇಂಚಿನ ಚೌಕ ತಟ್ಟೆಗೆ. ಮೈದಾ 150 ಗ್ರಾಂ, ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚ, ಸೋಡಾ ಕಾಲು ಚಮಚ, ಉಪ್ಪು ಕಾಲು ಚಮಚ, ದಾಲ್ಚಿನ್ನಿ ಪುಡಿ ಒಂದು ಚಮಚ, ಏಲಕ್ಕಿ ಅರ್ಧ ಚಮಚ, ಎಲ್ಲ ಒಟ್ಟಿಗೆ ಜರಡಿ ಹಿಡಿಯಿರಿ. ಬೇರೆ ಪಾತ್ರೆಯಲ್ಲಿ ಎರಡು ಮೊಟ್ಟೆ, 100 ಗ್ರಾಂ ಬೆಲ್ಲದ ಪುಡಿ, 50 ಗ್ರಾಂ ಸಕ್ಕರೆ, 100 ಮಿಲಿ ಎಣ್ಣೆ ಹಾಕಿ ಬೆಲ್ಲ ಕರಗುವ ತನಕ ಕಡೆಯಿರಿ. ಕಬ್ಬಿನ ನಾಡಾದ್ದರಿಂದ ಇಲ್ಲಿ ಬೆಲ್ಲ ಚೆನ್ನಾಗಿ ಸಿಗುತ್ತದೆ, ಮಣ್ಣು-ಕಸ ಇಲ್ಲದ್ದು ನೋಡಿ ತನ್ನಿ. ಎಣ್ಣೆಯ ಬದಲು ತುಪ್ಪ ಹಾಕುವ ಆಸೆ ನಮ್ಮವರಿಗೆ ಬಂದೇ ಬರುತ್ತದೆ. ಬೇಡ. ಈ ಕೇಕನ್ನು ಫ್ರಿಜ್‌ನಲ್ಲೇ ಇಡಬೇಕು, ತಣ್ಣಗಾದರೆ ತುಪ್ಪ ಕಲ್ಲಾಗುತ್ತದೆ. ಊರಿನ ತೆಂಗಿನೆಣ್ಣೆಯೂ ಹಾಗೆಯೇ. ಇಲ್ಲಿಯ ಕುಸುಬಿ ಎಣ್ಣೆ ಚೆನ್ನಾಗುತ್ತದೆ, ಸೂರ್ಯಕಾಂತಿಯೂ ಆದೀತು. ಗಾಣದ ಶೇಂಗಾ ಎಣ್ಣೆಗೆ ವಾಸನೆ ಜಾಸ್ತಿ.

ಎರಡನ್ನೂ ಸೇರಿಸಿ, ಹಿಟ್ಟು ಕಾಣದಾಗುವಷ್ಟು ಮಾತ್ರ ತಿರುವಿ, ಕೊನೆಗೆ 150 ಗ್ರಾಂ ಗಜ್ಜರಿ ತುರಿ ಹಾಕಿ. ಬೇಕಿದ್ದರೆ ಒಂದು ಮುಷ್ಟಿ ಗೇರುಬೀಜದ ಚೂರು. ಜಾಸ್ತಿ ಕಡೆದರೆ ರಬ್ಬರಿನ ಹಾಗೆ ಆಗುತ್ತದೆ.

ಸುಳಿಗೆ 200 ಗ್ರಾಂ ಚಕ್ಕಾ ಅಥವಾ ಕ್ರೀಮ್ ಚೀಸ್, 40 ಗ್ರಾಂ ಪುಡಿ ಸಕ್ಕರೆ, ಒಂದು ಮೊಟ್ಟೆಯ ಹಳದಿ, ಒಂದು ಚಮಚ ಕಾರ್ನ್‌ಫ್ಲೋರ್. ಹಳದಿಯೂ ಕಾರ್ನ್‌ಫ್ಲೋರೂ ಚಕ್ಕಾ ಒಡೆದು ನೀರು ಬಿಡದ ಹಾಗೆ ಹಿಡಿದಿಡುತ್ತವೆ. ಕಾಗದ ಹಾಸಿದ ತಟ್ಟೆಗೆ ಹಿಟ್ಟಿನ ಮುಕ್ಕಾಲು ಪಾಲು ಹರಡಿ, ಅದರ ಮೇಲೆ ಎಂಟು-ಒಂಬತ್ತು ಕಡೆ ಚಕ್ಕಾವನ್ನು ಚಮಚದಿಂದ ಬಿಡಿ. ಖಾಲಿ ಜಾಗಕ್ಕೆ ಉಳಿದ ಹಿಟ್ಟು. ಆಮೇಲೆ ಚಾಕುವಿನ ತುದಿಯಿಂದ ಉದ್ದಕ್ಕೆ ಮೂರು ಸಲ, ಅಡ್ಡಕ್ಕೆ ಮೂರು ಸಲ ಎಳೆಯಿರಿ, ಅಷ್ಟೇ. ಚಂದ ಕಾಣ್ತದೆ ಅಂತ ಎಳೆಯುತ್ತಾ ಹೋದರೆ ಬಿಳಿ-ಕೆಂಪು ಕಲೆತು ಮಂಕು ಬಣ್ಣ ಬರುತ್ತದೆ. ಮಕ್ಕಳ ಕೈಗೆ ಚಾಕು ಕೊಡುವುದಾದರೆ ಲೆಕ್ಕ ಹೇಳಿ ಕೊಡಿ.

ಓವನ್ ಇದ್ದವರು 175 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಕಡ್ಡಿ ಚುಚ್ಚಿ ನೋಡುವುದು ಕೇಕಿನ ಭಾಗಕ್ಕೆ, ಸುಳಿಗಲ್ಲ. ಸುಳಿ ಬಿಸಿಯಲ್ಲಿ ಸ್ವಲ್ಪ ಅಲುಗುತ್ತದೆ, ತಣಿದ ಮೇಲೆ ನಿಲ್ಲುತ್ತದೆ. ಆದರೆ ಸಣ್ಣ ಊರುಗಳಲ್ಲಿ ಕರೆಂಟಿನ ಭರವಸೆ ಕಡಿಮೆ, ನಡುವೆ ಹೋದರೆ ಅರ್ಧ ಬೆಂದ ಕೇಕ್ ಕುಸಿದು ಕೂರುತ್ತದೆ. ನಾವು ಹೆಚ್ಚಾಗಿ ಮಾಡುವುದು ಗ್ಯಾಸಿನ ಮೇಲೆಯೇ. ಮೇಲೂ ಕೆಳಗೂ ಕೆಂಡ ಇಟ್ಟು ಕಲ್ತಪ್ಪ ಬೇಯಿಸಿದ ಉಮ್ಮಂದಿರ ಮಕ್ಕಳಿಗೆ ಓವನ್ ಇಲ್ಲದ್ದು ದೊಡ್ಡ ವಿಷಯವಾ? ಹಳೆಯ ದಪ್ಪ ತಳದ ಪಾತ್ರೆ ಅಥವಾ ಬೇರೆ ಅಡಿಗೆಗೆ ಬಳಸದ ಹಳೇ ಕುಕ್ಕರ್ ತೆಗೆದುಕೊಳ್ಳಿ. ತಳಕ್ಕೆ ಒಂದು ಇಂಚು ಕಲ್ಲುಪ್ಪು, ಅದರ ಮೇಲೆ ಒಂದು ರಿಂಗ್. ಕುಕ್ಕರ್ ಆದರೆ ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದಿಡಬೇಕು, ಇದನ್ನು ಮರೆಯಬಾರದು. ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ, ಡಬ್ಬಿ ಇಟ್ಟು, ಉರಿ ಸಣ್ಣ ಮಾಡಿ 45 ನಿಮಿಷ ಬಿಡಿ. 7 ಇಂಚಿನ ಗುಂಡು ಡಬ್ಬಿಗೆ ಮೇಲಿನ ಅಳತೆಯ ಅರ್ಧ ಸಾಕು. ಮುಚ್ಚಳದಿಂದ ಬೆವರು ನೀರು ಸುಳಿಯ ಮೇಲೆ ಬೀಳದ ಹಾಗೆ ಡಬ್ಬಿಯ ಮೇಲೆ ಫಾಯಿಲ್ ಸಡಿಲಾಗಿ ಹೊದಿಸಿ. ಇದರಲ್ಲಿ ಮೇಲ್ಭಾಗ ಕೆಂಪಾಗುವುದಿಲ್ಲ, ಹಾಗಾಗಿ ಸುಳಿ ಬೆಳ್ಳಗೇ ಉಳಿಯುತ್ತದೆ. ನಮಗೆ ಓವನ್‌ಗಿಂತ ಇದೇ ಇಷ್ಟ.

ಪೂರ್ತಿ ತಣಿಸಿ, ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, ಚಾಕುವನ್ನು ಬಿಸಿ ನೀರಿನಲ್ಲಿ ಅದ್ದಿ ಒರೆಸುತ್ತಾ 16 ತುಂಡು ಮಾಡಿ. ಬಿಸಿಯಲ್ಲಿ ಕತ್ತರಿಸಿದರೆ ಸುಳಿ ಚಾಕುವಿಗೆ ಅಂಟಿ ಬರುತ್ತದೆ.

ಅಂಗಡಿಯ ಕ್ರೀಮ್ ಚೀಸ್ ತರುವವರಿಗೆ ಒಂದು ಮಾತು. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ. ಚೀಸಿಗೆ ಹೆಪ್ಪು ಹಾಕುವ ರೆನೆಟ್ ಪ್ರಾಣಿಯದ್ದೂ ಇರುತ್ತದೆ, ಬೇರೆ ಮೂಲದ್ದೂ ಇರುತ್ತದೆ. ಕೆಲವು ಕೇಕ್ ಕ್ರೀಮ್‌ಗಳಲ್ಲಿ ಜಿಲೆಟಿನ್ ಇರುತ್ತದೆ. ನಮ್ಮ ದೇಶದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಪ್ರಾಣಿಮೂಲದ ರೆನೆಟ್, ಜಿಲೆಟಿನ್ ಅದರಲ್ಲಿ ಇರುವ ಹಾಗಿಲ್ಲ. ಹೊರದೇಶದಿಂದ ಕೈಯಲ್ಲಿ ತಂದದ್ದಕ್ಕೆ ಆ ಚುಕ್ಕೆ ಇರುವುದಿಲ್ಲ. ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಎಂದು ಬರುವುದು ಆಲ್ಕೋಹಾಲಿನಲ್ಲಿ ತೆಗೆದದ್ದು, ಅಮೆರಿಕದ ನಿಯಮದಲ್ಲಿ ಅದು 35 ಶೇಕಡಾಕ್ಕಿಂತ ಕಡಿಮೆ ಇರಬಾರದು. ಎಸೆನ್ಸ್‌ನಲ್ಲಿ ಏನಿದೆ ಎಂಬುದು ಬಾಟಲಿಯಿಂದ ಬಾಟಲಿಗೆ ಬೇರೆ. ಏಲಕ್ಕಿ ಹಾಕಿದರೆ ಈ ಯಾವ ಯೋಚನೆಯೂ ಇಲ್ಲ. ಗಜ್ಜರಿಗೆ ಅದೇ ಚೆನ್ನಾಗಿ ಹೊಂದುತ್ತದೆ ಕೂಡ.

‘ಬೆಲ್ಲ ಹಾಕಿದ್ದು, ಕ್ಯಾರೆಟ್ ಇದೆ, ಏನಾಗುದಿಲ್ಲ’ ಅಂತ ಸಕ್ಕರೆ ಕಾಯಿಲೆಯ ಹಿರಿಯರ ತಟ್ಟೆಗೆ ಮೂರು ತುಂಡು ಹಾಕುವುದು ನಮ್ಮ ಮನೆಗಳಲ್ಲಿ ನಡೆಯುತ್ತದೆ. ಲೆಕ್ಕ ನೋಡಿ. ಬೆಲ್ಲ 100, ಸಕ್ಕರೆ 50, ಸುಳಿಗೆ 40, ಒಟ್ಟು 190 ಗ್ರಾಂ. 16 ತುಂಡು ಮಾಡಿದರೆ ತುಂಡಿಗೆ ಸುಮಾರು 12 ಗ್ರಾಂ, ಅಂದರೆ ಮೂರು ಸಣ್ಣ ಚಮಚ ಸಕ್ಕರೆ. ದೇಹಕ್ಕೆ ಬೆಲ್ಲವೂ ಸಕ್ಕರೆಯೇ, ಮೈದಾದ್ದು ಬೇರೆ. 150 ಗ್ರಾಂ ಗಜ್ಜರಿಯಿಂದ ಬರುವ ಸಿಹಿ ಇಡೀ ತಟ್ಟೆಗೆ ಏಳೆಂಟು ಗ್ರಾಂ ಮಾತ್ರ. ಖರ್ಜೂರ, ಶರಬತ್ತು ಆದ ಮೇಲೆ ಅವರಿಗೆ ಇದರ ಅರ್ಧ ತುಂಡೇ ಜಾಸ್ತಿ.

ಇನ್ನೊಂದು ಆಸೆ ಎಲ್ಲರಿಗೂ ಇರುತ್ತದೆ, ಪೆರ್ನಾಲಿಗೆ ಊರಿಗೆ ಕಳಿಸುವುದು. ಇಲ್ಲಿಂದ ಧಾರವಾಡ-ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿಯಾಗಿ ಘಟ್ಟ ಇಳಿದು ಮಂಗಳೂರು ಮುಟ್ಟುವಾಗ ರಾತ್ರಿ ಪೂರ್ತಿ ಕಳೆದಿರುತ್ತದೆ. ಹಾಲು-ಮೊಟ್ಟೆಯ ತಿಂಡಿ ಫ್ರಿಜ್‌ನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಇದು ಆಹಾರ ಸುರಕ್ಷತೆಯ ಸಾಮಾನ್ಯ ಲೆಕ್ಕ. ಏಪ್ರಿಲ್‌ನಲ್ಲಿ ಸವದತ್ತಿ, ರಾಮದುರ್ಗದ ಕಡೆ 38 ಡಿಗ್ರಿ ದಾಟುವ ದಿನಗಳಿವೆ. ಮಲೆನಾಡಿನ ಅಂಚಿನ ಕಿತ್ತೂರು ಸ್ವಲ್ಪ ತಂಪು, ಆದರೂ ಬಸ್ಸಿನ ಡಿಕ್ಕಿ ಎಲ್ಲ ಕಡೆಯೂ ಒಂದೇ. ಸುಳಿ ಹಾಕಿದ ಕೇಕ್ ನೋಡಲಿಕ್ಕೆ ಚಂದವೇ ಇರುತ್ತದೆ, ವಾಸನೆಯೂ ಬಂದಿರುವುದಿಲ್ಲ, ತಿಂದ ಮಕ್ಕಳಿಗೆ ಮಾತ್ರ ಹಬ್ಬದ ದಿನ ಆಸ್ಪತ್ರೆ. ಕಳಿಸಲೇಬೇಕಾದರೆ ಸುಳಿ ಬಿಟ್ಟು ಬರೀ ಗಜ್ಜರಿ ಕೇಕ್ ಚೆನ್ನಾಗಿ ಬೇಯಿಸಿ, ಪೂರ್ತಿ ತಣಿಸಿ, ಕಾಗದದಲ್ಲಿ ಸುತ್ತಿ ಕಳಿಸಿ, ಅದು ಒಂದು ರಾತ್ರಿಯ ದಾರಿ ತಡೆಯುತ್ತದೆ. ಸುಳಿಯದ್ದು ನಿಮ್ಮ ಫ್ರಿಜ್‌ನಲ್ಲೇ ಇರಲಿ, ಮೂರು ದಿನದೊಳಗೆ ಖಾಲಿ ಮಾಡಿ.

ಮನೆಯಲ್ಲೇ ಮಾಡಿ ನಾಲ್ಕು ಕಾಸು ಮಾಡಿಕೊಳ್ಳುವ ಹೆಣ್ಣುಮಕ್ಕಳು ಈಗ ಎಲ್ಲ ಕಡೆ ಇದ್ದಾರೆ. ಅವರಿಗೆ ಈ ಕೇಕ್ ಒಳ್ಳೆಯದು, ಯಾಕೆಂದರೆ ಸುಳಿ ಇರುವುದರಿಂದ ಮೇಲೆ ಐಸಿಂಗ್ ಬೇಡ, ಅಲಂಕಾರ ಬೇಡ, ತುಂಡು ಲೆಕ್ಕದಲ್ಲಿ ಮಾರಬಹುದು. ಆದರೆ ರೇಟು ಹಾಕುವಾಗ ನಮ್ಮವರು ಬಿಡುವುದು ಒಂದನ್ನೇ, ತಮ್ಮ ಕೂಲಿಯನ್ನು. ಉದಾಹರಣೆಗೆ ಒಂದು ತಟ್ಟೆಗೆ ಸಾಮಾನು, ಗ್ಯಾಸ್, ಡಬ್ಬಿ ಎಲ್ಲ ಸೇರಿ 320 ರೂಪಾಯಿ ಆಯಿತೆಂದುಕೊಳ್ಳಿ. 16 ತುಂಡಿಗೆ ತುಂಡಿಗೆ 20 ಬೀಳುತ್ತದೆ. 22ಕ್ಕೆ ಮಾರಿ ಎರಡು ರೂಪಾಯಿ ಲಾಭ ಅಂದುಕೊಳ್ಳುತ್ತಾರೆ. ತುರಿಯುವುದು, ಕಲಸುವುದು, ಕಾಯುವುದು, ಪಾತ್ರೆ ತೊಳೆಯುವುದು ಸೇರಿ ಎರಡೂವರೆ ಗಂಟೆ ಹೋಗಿದೆ. ಗಂಟೆಗೆ 100 ರೂಪಾಯಿ ಹಿಡಿದರೂ 250. ಆಗ ಒಟ್ಟು 570, ತುಂಡಿಗೆ 36ರ ಹತ್ತಿರ. 22ಕ್ಕೆ ಕೊಟ್ಟರೆ ಒಂದು ತಟ್ಟೆಗೆ 32 ರೂಪಾಯಿಗೆ ಎರಡೂವರೆ ಗಂಟೆ ದುಡಿದ ಹಾಗೆ ಆಯಿತು. ‘ಮನೆಯಲ್ಲೇ ಇರುವವಳಲ್ವಾ, ಅವಳ ಸಮಯಕ್ಕೇನು ರೇಟು’ ಎಂಬ ಮಾತು ಹೊರಗಿನವರಿಗಿಂತ ಮನೆಯೊಳಗಿನಿಂದಲೇ ಮೊದಲು ಬರುತ್ತದೆ. ಅದಕ್ಕೇ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಿ, ಕೇಳಿದವರಿಗೆ ತೋರಿಸಿ.

ಮಾರುವುದಾದರೆ, ಮನೆ ಅಡಿಗೆಮನೆಯಿಂದಲೇ ಆದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆ ಸಣ್ಣವರನ್ನೂ ಬಿಟ್ಟಿಲ್ಲ. ಸಣ್ಣ ವ್ಯಾಪಾರಕ್ಕೆ ದೊಡ್ಡ ಲೈಸೆನ್ಸ್ ಬೇಡ, ನೋಂದಣಿ ಸಾಕು. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಡಬ್ಬಿಯ ಮೇಲೆ ಮಾಡಿದ ದಿನ, ಮೊಟ್ಟೆ ಇದೆ ಎಂಬುದು, ‘ಫ್ರಿಜ್‌ನಲ್ಲಿಡಿ’ ಎಂಬ ಮಾತು ಬರೆಯಿರಿ. ಇಲ್ಲಿ ನೆರೆಹೊರೆಯಲ್ಲಿ ಮೊಟ್ಟೆ ತಿನ್ನದ ಮನೆಗಳು ಬಹಳ. ಅವರಿಗೆ ಕೊಡುವಾಗ ಮೊದಲೇ ಹೇಳಿಬಿಡುವುದು ಮರ್ಯಾದೆ. ಮೊಟ್ಟೆ ಬಿಟ್ಟು ಬೇಕೆಂದರೆ ಪ್ರತಿ ಮೊಟ್ಟೆಗೆ ಕಾಲು ಕಪ್ ಮೊಸರು ಹಾಕಿ, ಸುಳಿಗೆ ಹಳದಿಯ ಬದಲು ಇನ್ನೊಂದು ಚಮಚ ಕಾರ್ನ್‌ಫ್ಲೋರ್. ಸ್ವಲ್ಪ ಒತ್ತಾಗಿ ಬರುತ್ತದೆ, ರುಚಿಗೆ ಕೊರತೆಯಿಲ್ಲ.

ಚಕ್ಕಾದಿಂದ ಇಳಿದ ನೀರನ್ನು ಚೆಲ್ಲಬೇಡಿ. ಅರ್ಧ ಲೀಟರಿಗಿಂತ ಹೆಚ್ಚೇ ಬರುತ್ತದೆ. ಉಪ್ಪು, ಶುಂಠಿ, ಕರಿಬೇವು ಹಾಕಿ ಮಜ್ಜಿಗೆಯ ಹಾಗೆ ಕುಡಿಯಬಹುದು, ಚಪಾತಿ ಹಿಟ್ಟು ಕಲಸಿದರೆ ಮೆತ್ತಗಾಗುತ್ತದೆ. ಜೋಳದ ರೊಟ್ಟಿ ಬಡಿಯಲು ಕಲಿತವರು ಅದಕ್ಕೆ ಮಾತ್ರ ಬಿಸಿನೀರೇ ಇರಲಿ ಅನ್ನುತ್ತಾರೆ.